ಮೇಸ್ತ್ರಿಯ ನಿವೃತ್ತಿ ಮತ್ತು ಒಂದು ಉಬ್ಬಿದ ಡಬ್ಬಿ

ಬೆಳಿಗ್ಗೆ ಎಂಟೂಕಾಲಿಗೆ ಅಳಿಯ ಬೆಚ್ಚನೆ ಕೋಣೆಯ ಬಾಗಿಲು ತೆಗೆದಾಗ ಮೇಲಿನ ಹಲಗೆಯ ಮೇಲೆ ಒಂದು ಬಟಾಣಿ ಡಬ್ಬಿ ಉಬ್ಬಿಕೊಂಡು ಕೂತಿತ್ತು. ಮುಚ್ಚಳವೂ ಉಬ್ಬಿತ್ತು, ತಳವೂ ಉಬ್ಬಿತ್ತು. ನೆಟ್ಟಗೆ ನಿಲ್ಲಲಾರದೆ ಸ್ವಲ್ಪ ವಾಲಿಕೊಂಡು, ಯಾರ ಮೇಲೋ ಮುನಿಸಿಕೊಂಡ ಹಾಗೆ ಗೋಡೆಯ ಕಡೆ ತಿರುಗಿತ್ತು. ಅಳಿಯ ಅದನ್ನು ನೋಡಿದ, ಬಾಗಿಲು ಮುಚ್ಚಿದ. ಮತ್ತೆ ತೆಗೆದು ನೋಡಿದ. ಡಬ್ಬಿ ಅಲ್ಲೇ ಇತ್ತು.

ಡಬ್ಬಿ ಉಬ್ಬುವುದೆಂದರೆ ಹೊರಗಿನವರಿಗೆ ನಗುವ ವಿಷಯ. ಡಬ್ಬಿ ಕಾರ್ಖಾನೆಯಲ್ಲಿ ಯಾರೂ ನಗುವುದಿಲ್ಲ. ಮುಚ್ಚಿದ ಡಬ್ಬಿಯೊಳಗೆ ಸಾಯಬೇಕಾದದ್ದು ಯಾವುದೋ ಸಾಯದೆ ಉಳಿದಿದೆ, ಹೊಟ್ಟೆ ತುಂಬ ತಿಂದಿದೆ, ಗಾಳಿ ಬಿಟ್ಟು ತಗಡನ್ನೇ ಬಗ್ಗಿಸಿದೆ ಎಂದು ಅದರರ್ಥ. ಅಂಥದ್ದನ್ನು ತಿಂದ ಮನುಷ್ಯ ವಾರದೊಳಗೆ ಹಾಸಿಗೆ ಹಿಡಿಯಬಹುದು, ಹಿಡಿದ ಹಾಸಿಗೆಯಿಂದ ಏಳದೆಯೂ ಇರಬಹುದು. ಅದಕ್ಕೇ ಪ್ರತಿ ಬ್ಯಾಚಿನಿಂದಲೂ ಆರು ಡಬ್ಬಿ ತೆಗೆದು ಹದಿನಾಲ್ಕು ದಿನ ಬೆಚ್ಚನೆ ಕೋಣೆಯಲ್ಲಿ ಇಟ್ಟು ಕಾಯುವುದು. ಆರೂ ಸುಮ್ಮನೆ ಕೂತಿದ್ದರೆ ಉಳಿದ ಸರಕು ಲಾರಿ ಹತ್ತುತ್ತದೆ. ಕಾದು ನೋಡಿ ಸಹಿ ಹಾಕುವ ಕೆಲಸ ಅಳಿಯನದು.

ಅವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಸೇರಿದಾಗ ಅವನು ಬರೀ ಲ್ಯಾಬಿನವನು. ಆರು ತಿಂಗಳಿಗೆ ಹಂಡೆ ಮೇಸ್ತ್ರಿಯ ಮಗಳನ್ನು ಮದುವೆಯಾದ. ಅಲ್ಲಿಂದ ಮುಂದೆ ಮ್ಯಾನೇಜರಿಂದ ಗೇಟಿನವನ ತನಕ ಎಲ್ಲರಿಗೂ ಅವನು ಅಳಿಯನಾದ. ಹಂಡೆ ಎಂದರೆ ಸ್ನಾನದ ಹಂಡೆಯಲ್ಲ. ಆಳೆತ್ತರದ ಉಕ್ಕಿನ ಪಾತ್ರೆ. ಮುಚ್ಚಿದ ಡಬ್ಬಿಗಳನ್ನು ಬುಟ್ಟಿಗಟ್ಟಲೆ ಒಳಗಿಳಿಸಿ, ಹಬೆಯ ಒತ್ತಡದಲ್ಲಿ ನೂರ ಇಪ್ಪತ್ತೊಂದು ಡಿಗ್ರಿಗೆ ಬೇಯಿಸಿ, ಇರುವ ಕ್ರಿಮಿಯನ್ನೆಲ್ಲ ಕೊಲ್ಲುವ ಯಂತ್ರ. ಮೂವತ್ತೊಂದು ವರ್ಷ ಅದರ ಮುಂದೆ ನಿಂತ ಮೇಸ್ತ್ರಿ, ಅಂದರೆ ಅಳಿಯನ ಮಾವ, ಅವತ್ತು ಸಂಜೆ ನಾಲ್ಕಕ್ಕೆ ನಿವೃತ್ತರಾಗುವವರಿದ್ದರು. ಮ್ಯಾನೇಜರು ಹಿತ್ತಾಳೆಯ ಫಲಕ ಮಾಡಿಸಿ ಇಟ್ಟಿದ್ದರು. 'ಮೂವತ್ತೊಂದು ವರ್ಷ, ಒಂದೂ ಡಬ್ಬಿ ಉಬ್ಬಲಿಲ್ಲ' ಎಂದು ಅದರ ಮೇಲೆ ಕೆತ್ತಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾವನ ಮನೆಯ ಮುಂದೆ ಟೆಂಪೋ ಬರುವುದಿತ್ತು. ಮಾವ, ಅತ್ತೆ ಇಬ್ಬರೂ ಬೇರೆ ಊರಿನಲ್ಲಿ ತಾವು ಕಟ್ಟಿಸಿಕೊಂಡಿದ್ದ ಎರಡು ಕೋಣೆಯ ಮನೆಗೆ ಹೊರಡುವವರು. ಮದುವೆಯಾದಂದಿನಿಂದ ಹೆಂಡತಿಯ ಜೊತೆ ಅದೇ ಮನೆಯಲ್ಲಿದ್ದ ಅಳಿಯನಿಗೆ ಈ ದಿನಕ್ಕಾಗಿ ನಾಲ್ಕು ವರ್ಷ ಕಾದು ಸಾಕಾಗಿತ್ತು. ಮಾವ ಕೆಟ್ಟವರಲ್ಲ, ಯಾರೂ ಹಾಗೆ ಹೇಳುವಂತಿಲ್ಲ. ಆದರೆ ಅವರು ಮನೆಯನ್ನೂ ಹಂಡೆಯ ಹಾಗೇ ನಡೆಸುತ್ತಿದ್ದರು. ಸ್ನಾನಕ್ಕೆ ಏಳು ನಿಮಿಷ, ಎಂಟನೆಯದಕ್ಕೆ ಬಾಗಿಲು ಬಡಿತ. ಒಂಬತ್ತೂವರೆಗೆ ದೀಪ ಆರಬೇಕು. ಬಟ್ಟೆ ಒಣಗಿಸುವ ಹಗ್ಗ ಇಡೀ ಅತ್ತೆಯದು. ಅಳಿಯನ ಟವೆಲ್ಲಿಗೆ ಅದರಲ್ಲಿ ಒಂದು ಗೇಣು ಜಾಗವೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಗಂಡ ಹೆಂಡತಿ ಒಂದು ಜಗಳವನ್ನು ಕೂಡ ಬಾಯ್ತುಂಬ ಆಡಿಕೊಂಡಿರಲಿಲ್ಲ. ನಿವೃತ್ತಿಯ ಕಾಗದ ಕೈಗೆ ಬಂದ ಮರುದಿನ ಹೊರಡುತ್ತೇವೆ ಎಂದು ಮಾವ ಹೇಳಿದ್ದರು. ಮಾವ ಹೇಳಿದ ಮಾತು ಹೆಚ್ಚು ಕಮ್ಮಿಯಾಗುವುದಿಲ್ಲ. ಆದರೆ ಕೆಲಸದ ಮೇಲೆ ವಿಚಾರಣೆ ಇರುವವನಿಗೆ ನಿವೃತ್ತಿಯ ಕಾಗದ ಕೊಡಬಾರದು ಎಂಬುದು ಕಾರ್ಖಾನೆಯ ನಿಯಮ.

ಅಳಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಲ್ಯಾಬಿಗೆ ತಂದು, ತಪ್ಪು ಎಲ್ಲಾಯಿತೆಂದು ಬರೆಯುವ ನಮೂನೆಯನ್ನು ಮುಂದಿಟ್ಟುಕೊಂಡು ಕೂತ. ಡಬ್ಬಿ ಉಬ್ಬಲು ಕಾರಣ ಬಹಳ ಇಲ್ಲ. ಒಂದು, ಹಂಡೆಯಲ್ಲಿ ಶಾಖ ಸಾಲದೆ ಹೋಗಿರಬೇಕು. ಅದು ಮಾವ. ಎರಡು, ಮುಚ್ಚಳದ ಅಂಚು ಸರಿಯಾಗಿ ಮಡಿಚಿಕೊಳ್ಳದೆ ಸೋರಿರಬೇಕು. ಮುಚ್ಚಳದ ಯಂತ್ರ ನಡೆಸುವುದು ಅತ್ತೆ. ಮೂರು, ಬೆಂದ ಡಬ್ಬಿಯನ್ನು ತಣಿಸುವ ನೀರಿನಲ್ಲಿ ಕ್ಲೋರಿನ್ ಕಮ್ಮಿಯಾಗಿರಬೇಕು. ಬಿಸಿ ಡಬ್ಬಿ ತಣ್ಣೀರಿಗೆ ಬಿದ್ದಾಗ ಒಂದು ಹನಿ ಒಳಗೆಳೆದುಕೊಳ್ಳುವುದುಂಟು, ಆ ಹನಿಯಲ್ಲಿ ಕ್ರಿಮಿ ಇದ್ದರೆ ಮುಗಿಯಿತು. ತಣ್ಣೀರಿನ ತೊಟ್ಟಿ ಅವನ ಹೆಂಡತಿಯ ವಶದಲ್ಲಿತ್ತು. ಅಳಿಯ ನಮೂನೆಯ ಮೇಲೆ ಮೊಣಕೈ ಊರಿ, ಇದೆಂಥ ಗ್ರಹಚಾರ ಎಂದುಕೊಂಡ.

ಅಷ್ಟು ಹೊತ್ತಿಗೆ ಸ್ಟೋರಿನವರು ಸ್ಟೇಪ್ಲರ್ ಕೇಳುವ ನೆಪದಲ್ಲಿ ಒಳಗೆ ಬಂದರು. ಅವರಿಗೆ ಸ್ಟೇಪ್ಲರ್ ಬೇಕಿರಲಿಲ್ಲ, ದಿನಕ್ಕೊಂದು ಸುದ್ದಿ ಬೇಕಿತ್ತು.

"ಏನ್ರೀ ಇದು, ಹೀಗಾಗಿದೆ?"

"ಏನಿಲ್ಲ, ನೋಡ್ತಾ ಇದ್ದೀನಿ."

"ಮೇಸ್ತ್ರಿ ಬ್ಯಾಚಾ?"

"ಎಲ್ಲಾ ಬ್ಯಾಚೂ ಮೇಸ್ತ್ರಿದೇ ಅಲ್ವಾ ಸರ್."

"ನಾನು ಯಾರ ಹತ್ರನೂ ಬಾಯಿ ಬಿಡಲ್ಲ," ಎಂದು ಸ್ಟೋರಿನವರು ಸ್ಟೇಪ್ಲರ್ ಮರೆತು ಹೊರಟುಹೋದರು. ಒಂಬತ್ತಕ್ಕೆ ಕಾರ್ಖಾನೆಯಲ್ಲಿ ಉಬ್ಬಿದ್ದು ನಾಲ್ಕು ಡಬ್ಬಿ. ಒಂಬತ್ತೂವರೆಗೆ ನಲವತ್ತು. ಹತ್ತರ ಚಹಾದ ಹೊತ್ತಿಗೆ ಒಂದು ಡಬ್ಬಿ ಸಿಡಿದು ಲ್ಯಾಬಿನವನ ಹುಬ್ಬು ಹಾರಿಹೋಗಿದೆ ಎಂದು ಕ್ಯಾಂಟೀನಿನಲ್ಲಿ ಮಾತಾಗಿತ್ತು. ಹುಬ್ಬು ನೋಡಿಕೊಂಡು ಹೋಗಲು ಇಬ್ಬರು ಬಂದಿದ್ದರು.

ಮ್ಯಾನೇಜರು ಕರೆಸಿದರು. ಸಮಾರಂಭಕ್ಕೆಂದು ಅವರು ಬೆಳಿಗ್ಗೆಯೇ ಹೊಸ ಬಿಳಿ ಅಂಗಿ ತೊಟ್ಟಿದ್ದರು.

"ಅಳಿಯ, ಈ ಬ್ಯಾಚು ಎಲ್ಲಿಗೆ ಹೋಗೋದು ಗೊತ್ತಲ್ಲ?"

"ಗೊತ್ತು ಸರ್. ಆಸ್ಪತ್ರೆ ಅಡುಗೆಮನೆಗೆ."

"ಆರು ಸಾವಿರ ಡಬ್ಬಿ. ತಿನ್ನೋರು ಮೊದಲೇ ರೋಗಿಗಳು. ಲಾರಿ ಐದಕ್ಕೆ. ಸಮಾರಂಭ ನಾಲ್ಕಕ್ಕೆ. ಮೂರೂವರೆಗೆ ನನ್ನ ಮೇಜಿನ ಮೇಲೆ ಕಾರಣ ಇರ್ಬೇಕು. ಹಂಡೆ ತಪ್ಪು ಅಂತಾದ್ರೆ ಫಲಕನೂ ಇಲ್ಲ, ಕಾಗದನೂ ಇಲ್ಲ, ಲಾರಿನೂ ಇಲ್ಲ. ನೀವು ಮನೆಯವರು ಅಂತ ಮುಲಾಜು ನೋಡ್ಬೇಡಿ."

"ಇಲ್ಲ ಸರ್," ಎಂದ ಅಳಿಯ.

ಹಂಡೆಯ ಬಳಿ ಮಾವ ಬೆನ್ನು ಮಾಡಿಕೊಂಡು ನಿಂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಮಾವ, ಎರಡು ವಾರದ ಹಿಂದಿನ ಚಾರ್ಟು ಬೇಕಿತ್ತು."

"ಕೊಡೋಣ ಲ್ಯಾಬಿನವರೇ," ಎಂದರು ಮಾವ. ಮನೆಯಲ್ಲಿ ಅಳಿಯಂದಿರು ಎನ್ನುವವರು ಲ್ಯಾಬಿನವರು ಎಂದಾಗ ಅಳಿಯನಿಗೆ ಮೈ ಹಿಡಿಯಷ್ಟಾಯಿತು. ಹಂಡೆಗೆ ಹೊಂದಿಸಿದ ಯಂತ್ರವೊಂದು ಶಾಖ ಏರಿದ್ದು ಇಳಿದದ್ದನ್ನೆಲ್ಲ ಪೆನ್ನಿನಿಂದ ದುಂಡನೆಯ ಕಾಗದದ ಮೇಲೆ ಗೀಟು ಹಾಕುತ್ತದೆ. ಅದೇ ಚಾರ್ಟು. ಮಾವ ಎರಡು ಬೆರಳಲ್ಲಿ ಅದನ್ನು ಹಿಡಿದು ಕೊಟ್ಟರು. ಗೀಟು ಏರಿ, ನೂರ ಇಪ್ಪತ್ತೊಂದನ್ನು ಮುಟ್ಟಿ, ಅಲ್ಲಿಂದ ಅಲುಗದೆ ಓಡಿ, ಹೊತ್ತಿಗೆ ಸರಿಯಾಗಿ ಇಳಿದಿತ್ತು. ಒಂದು ನಡುಕವಿಲ್ಲ, ಒಂದು ಸೊಟ್ಟವಿಲ್ಲ. ಪಾಠಕ್ಕೆಂದು ಅಚ್ಚುಹಾಕಿಸಿದ ಹಾಗಿತ್ತು.

"ಇದ್ರಲ್ಲಿ ತಪ್ಪಿದ್ಯಾ?"

"ಇಲ್ಲ ಮಾವ."

"ಹಂಗಾದ್ರೆ ಅಂಚು ನೋಡಿ. ಮೂವತ್ತೊಂದು ವರ್ಷದಿಂದ ನಾನು ಬೇಯಿಸ್ತಾ ಇದ್ದೀನಿ. ಮುಚ್ಚೋರು ಮುಚ್ಚಿದ್ರೆ ತಾನೆ."

ಮುಚ್ಚುವವರ ಹತ್ತಿರ ಹೋದರೆ ಅತ್ತೆ ಯಂತ್ರದ ಸದ್ದಿನ ಮೇಲೆ ಕೂಗಿ ಕೇಳಿದರು, "ನಿಮ್ಮ ಮಾವನ್ನ ಮೊದಲು ಕೇಳಿದ್ರಾ?"

"ಕೇಳ್ದೆ ಅತ್ತೆ."

"ಏನಂದ್ರು?"

ಅಳಿಯನ ಬಾಯಿ ಜಾರಿತು. "ಅಂಚು ನೋಡಿ ಅಂದ್ರು."

ಅತ್ತೆ ಯಂತ್ರ ನಿಲ್ಲಿಸಿದರು. ಆ ಯಂತ್ರ ಕೆಲಸದ ನಡುವೆ ನಿಂತದ್ದನ್ನು ಆ ಕಡೆಯ ಇಪ್ಪತ್ತು ಹೆಂಗಸರಲ್ಲಿ ಯಾರೂ ನೋಡಿರಲಿಲ್ಲ. ಸದ್ದಡಗಿದ್ದಕ್ಕೆ ಎಲ್ಲರೂ ಕತ್ತೆತ್ತಿದರು. ಅತ್ತೆ ಯಾರಿಗೂ ಏನೂ ಹೇಳದೆ ಕಪಾಟಿನಿಂದ ರಿಜಿಸ್ಟರು ತೆಗೆದು ಅಳಿಯನ ಎದೆಗೆ ಒತ್ತಿದರು. ಅರ್ಧ ಗಂಟೆಗೊಂದು ಡಬ್ಬಿ ಕತ್ತರಿಸಿ, ಅಂಚಿನ ಮಡಿಕೆಯನ್ನು ಅಳೆದು ಬರೆಯಬೇಕಾದ ಪುಸ್ತಕ ಅದು. ಆ ದಿನದ ಹದಿನಾರು ಅಳತೆಯೂ ಇತ್ತು, ಹದಿನಾರೂ ಸರಿಯಾಗಿತ್ತು, ಅಕ್ಷರ ದುಂಡಗಿತ್ತು.

"ಮನೆಗೆ ಬರ್ಲಿ ಅವರು," ಎಂದಷ್ಟೇ ಹೇಳಿ ಅತ್ತೆ ಮತ್ತೆ ಯಂತ್ರ ಹಾಕಿದರು.

ತೊಟ್ಟಿಯ ಹತ್ತಿರ ಹೆಂಡತಿ ಕೇಳುವ ಮೊದಲೇ ರಿಜಿಸ್ಟರು ಹಿಡಿದು ನಿಂತಿದ್ದಳು.

"ನನ್ನ ಮೇಲೂ ಅನುಮಾನಾನಾ ನಿಮಗೆ?"

"ಅನುಮಾನ ಅಲ್ಲ ಕಣೆ, ಪದ್ಧತಿ."

"ನಾಲ್ಕು ವರ್ಷ ಆದ್ಮೇಲೆ ನಾಳೆ ಒಂದಿನ ನಮ್ಮ ಮನೇಲಿ ನಾವೇ ಇರ್ತೀವಿ ಅಂತ ನಾನು ಕನಸು ಕಾಣ್ತಾ ಇದ್ರೆ, ನೀವು ಪದ್ಧತಿ ಹಿಡ್ಕೊಂಡು ಬಂದ್ರಿ." ಅವಳು ರಿಜಿಸ್ಟರು ಬಿಚ್ಚಿ ಅವನ ಮುಂದೆ ಹಿಡಿದಳು. ಗಂಟೆಗೊಮ್ಮೆ ಕ್ಲೋರಿನ್ ಪರೀಕ್ಷೆ ಮಾಡಿ ಬರೆದ ಅಂಕಿಗಳು ಸಾಲಾಗಿ ಇದ್ದವು. ಒಂದೂ ತಪ್ಪಿರಲಿಲ್ಲ. ಅಳಿಯನಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಸುತ್ತ ಜನ ಇದ್ದರೆಂದು ಪೆನ್ಸಿಲ್ ಹಿಡಿದುಕೊಂಡು ವಾಪಸು ಬಂದ.

ಇನ್ನು ಉಳಿದದ್ದು ಡಬ್ಬಿಯನ್ನೇ ಕೇಳುವುದು. ಉಬ್ಬಿದ ಡಬ್ಬಿ ತೆರೆಯುವುದಕ್ಕೂ ಒಂದು ಕ್ರಮವಿದೆ. ಮುಚ್ಚಳವನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಮೇಲೆ ಬಟ್ಟೆ ಹಾಕಬೇಕು, ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಮೊಳೆಯಿಂದ ಚುಚ್ಚಬೇಕು. ಅಳಿಯ ಎಲ್ಲವನ್ನೂ ಹಾಗೇ ಮಾಡಿದ. ಮೊಳೆ ಇಡುವ ಹೊತ್ತಿಗೆ ಮ್ಯಾನೇಜರು ಬಂದರು, ಅವರ ಹಿಂದೆ ಸ್ಟೋರಿನವರು ಬಂದರು.

"ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರಾ? ನಮ್ಮ ಕಾಲದಲ್ಲಿ ಸದ್ದಲ್ಲೇ ಹೇಳ್ಬಿಡ್ತಿದ್ರು," ಎಂದು ಸ್ಟೋರಿನವರು ಕೈ ಚಾಚಿದರು.

"ಮುಟ್ಟಬೇಡಿ ಸರ್."

"ಸ್ವಲ್ಪ ಕೊಡ್ರೀ."

ಬಟ್ಟೆ ಸರಿಯಿತು, ಮೊಳೆ ಇಳಿಯಿತು. ಡಬ್ಬಿ ಹದಿನಾಲ್ಕು ದಿನದ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿತು. ಬಿಳಿ ಅಂಗಿಯ ಮೇಲೆ ಎದೆಯಿಂದ ಹೊಟ್ಟೆಯ ತನಕ ಹಸಿರು ರಸ ಹರಿಯಿತು. ಹುಳಿತ ಗಿಣ್ಣಿನಂಥ ವಾಸನೆ ಕೋಣೆ ತುಂಬಿತು. ಮ್ಯಾನೇಜರು ತಮ್ಮ ಅಂಗಿಯನ್ನು ನೋಡಿಕೊಂಡರು. ಸ್ಟೋರಿನವರು ತಮಗೇನೋ ಕೆಲಸ ಇದೆ ಎಂದು ಹೊರಟರು.

"ಮೂರೂವರೆ," ಎಂದರು ಮ್ಯಾನೇಜರು ಕೊನೆಗೆ. ಅವರೂ ಹೋದರು.

ಅಳಿಯ ಒಂದು ಹನಿ ರಸವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟ. ಅಂಚು ಸೋರಿದ್ದರೆ, ನೀರು ಕೆಟ್ಟಿದ್ದರೆ, ಸಂತೆಗೆ ಬಂದ ಜನರ ಹಾಗೆ ಬಗೆಬಗೆಯ ಕ್ರಿಮಿ ಕಾಣಬೇಕು. ದುಂಡನೆಯವು, ಉದ್ದದವು, ಜೊತೆಜೊತೆಯವು. ಶಾಖಕ್ಕೆ ತಪ್ಪಿಸಿಕೊಂಡಿದ್ದರೆ ಒಂದೇ ಜಾತಿ ಇರುತ್ತದೆ. ಅಳಿಯ ಕಣ್ಣಿಟ್ಟು ನೋಡಿದ. ಬರೀ ಕಡ್ಡಿಗಳು. ಎಲ್ಲವೂ ಒಂದೇ ತರಹದ, ಒಂದೇ ಉದ್ದದ ಕಡ್ಡಿಗಳು. ಗಾಜು ಬದಲಾಯಿಸಿ ನೋಡಿದ, ಮತ್ತೆ ಕಡ್ಡಿಗಳೇ ಎಂದು ಜೋರಾಗಿಯೇ ಗೊಣಗಿದ. ಅತ್ತೆ ಪಾರಾದರು, ಹೆಂಡತಿ ಪಾರಾದಳು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮಾವನ ಮೇಲೆ ಅವನಿಗೆ ಇಷ್ಟು ಪ್ರೀತಿ ಇದೆಯೆಂದು ಆ ತನಕ ಅವನಿಗೇ ಗೊತ್ತಿರಲಿಲ್ಲ. ಟೆಂಪೋದ ನೆನಪೂ ಜೊತೆಗೇ ಬಂತು ಎಂಬುದನ್ನು ಮುಚ್ಚಿಡಬಾರದು.

ಕಿಟಕಿಯಲ್ಲಿ ಇಣುಕುತ್ತಿದ್ದ ಸ್ಟೋರಿನವರು ಕಡ್ಡಿಗಳ ಸುದ್ದಿಯನ್ನು ಊಟದ ಹೊತ್ತಿಗೆ ಎಲ್ಲರಿಗೂ ಮುಟ್ಟಿಸಿದರು. ಒಂದೂವರೆಗೆ ಅತ್ತೆ ಬಂದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ.

"ಇದನ್ನ ಮ್ಯಾನೇಜರಿಗೆ ಕೊಡಿ. ತಪ್ಪು ನಂದು ಅಂತ ಬರ್ದಿದ್ದೀನಿ."

"ಅತ್ತೆ, ನಿಮ್ಮ ಅಂಚು ಸರಿಯಾಗೇ ಇದೆ."

"ಇಲ್ಲ, ಕೇಳಿ ಇಲ್ಲಿ, ಆ ಅಳತೆ..."

ಅಳಿಯನಿಗೆ ಕಣ್ಣು ತುಂಬಿ ಬಂತು. ಬೆಳಿಗ್ಗೆ ಸಿಟ್ಟಿನಿಂದ ಯಂತ್ರ ನಿಲ್ಲಿಸಿದ ಹೆಂಗಸು ಮಧ್ಯಾಹ್ನ ಗಂಡನ ಮರ್ಯಾದೆ ಉಳಿಸಲು ತಪ್ಪು ಹೊರಲು ಬಂದಿದ್ದಾಳಲ್ಲ. "ಏನೂ ಹೇಳ್ಬೇಡಿ ಅತ್ತೆ. ನಂಗೆ ಎಲ್ಲಾ ಗೊತ್ತು," ಎಂದ. ಅತ್ತೆ ಕಾಗದವನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೋದರು.

ಹತ್ತು ನಿಮಿಷಕ್ಕೆ ಹೆಂಡತಿ ಬಂದಳು. ಅವಳ ಹತ್ತಿರವೂ ಕಾಗದ.

"ರೀ, ಅಪ್ಪಂಗೆ ಕೊನೇ ದಿನ ಹೀಗಾಗ್ಬಾರ್ದು. ನೀರಿಂದ ಆಗಿದ್ದು ಅಂತ ಬರೀರಿ. ನಾನು ಸುಳ್ಳು ಹೇಳ್ತಿಲ್ಲ, ಆ ಪರೀಕ್ಷೆ ನಾನು..."

"ನೀನೂ ಏನೂ ಹೇಳ್ಬೇಡ. ನಂಗೆ ಎಲ್ಲಾ ಗೊತ್ತು."

"ಎಲ್ಲಾನಾ?"

"ಎಲ್ಲಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಎರಡೂಕಾಲಿಗೆ ಬಾಗಿಲಲ್ಲಿ ಮಾವ ನಿಂತಿದ್ದರು. ಅವರು ಲ್ಯಾಬಿನ ಹೊಸ್ತಿಲು ದಾಟಿದ್ದು ಅದೇ ಮೊದಲು.

"ಅಳಿಯಂದಿರೇ, ಅವಳೂ ಮಗಳೂ ಏನೇನೋ ಬರ್ಕೊಟ್ಟಿದ್ದಾರಂತೆ. ಅದನ್ನ ಹರಿದು ಹಾಕಿ. ಇದನ್ನ ಕೊಡಿ." ಮೂರನೆಯ ಕಾಗದ ಮೇಜಿನ ಮೇಲೆ ಬಿತ್ತು. "ಹಂಡೇದೇ ತಪ್ಪು. ಆ ಚಾರ್ಟು..."

"ಮಾವ, ದಯವಿಟ್ಟು. ನಂಗೆ ಎಲ್ಲಾ ಗೊತ್ತು."

"ಗೊತ್ತಿತ್ತಾ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮಾವ ಹೊರಟುಹೋದರು.

ಒಂದು ಡಬ್ಬಿ, ಬಿಚ್ಚಿಯೂ ನೋಡದ ಮೂರು ಕಾಗದ. ಅಳಿಯನಿಗೆ ಅಳು ತಡೆಯಲಾಗಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಬೆಚ್ಚನೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮುಖ ಒರೆಸಿಕೊಳ್ಳಲು ತನ್ನ ಟವೆಲ್ಲಿಗೆ ಕೈ ಚಾಚಿದ. ಚಳಿ ಶುರುವಾದಂದಿನಿಂದ, ಮನೆಯ ಹಗ್ಗದಲ್ಲಿ ಜಾಗವಿಲ್ಲದ ತನ್ನ ಒದ್ದೆ ಟವೆಲ್ಲನ್ನು ಅವನು ದಿನಾ ಬೆಳಿಗ್ಗೆ ತಂದು ಅಲ್ಲಿನ ಗೋಡೆಯ ಮೊಳೆಗೆ ಹಾಕುತ್ತಿದ್ದ. ಟವೆಲ್ ಎಳೆದಾಗ ಅದರ ಹಿಂದೆ ಮೊಳೆಗೆ ನೇತುಬಿದ್ದಿದ್ದ ತಾಮ್ರದ ತುಂಡು ಕಾಣಿಸಿತು. ಅಳಿಯ ಅಳು ನಿಲ್ಲಿಸಿದ. ಕೋಣೆ ಎಷ್ಟು ಬಿಸಿಯಾಗಿದೆ ಎಂದು ಹೀಟರಿಗೆ ಹೇಳುವ ತುಂಡು ಅದು. ಒದ್ದೆ ಬಟ್ಟೆ ಹೊದ್ದುಕೊಂಡು ಅದು ಹದಿನಾಲ್ಕು ದಿನದಿಂದ ಚಳಿ ಚಳಿ ಎನ್ನುತ್ತಿತ್ತು. ಹೀಟರು ಪಾಪ ಅದರ ಮಾತು ನಂಬಿ ಉರಿದೇ ಉರಿದಿತ್ತು.

ಅವನು ಬಾಗಿಲ ಪಕ್ಕದ ಥರ್ಮಾಮೀಟರನ್ನು ಮೇಲಿನ ಹಲಗೆಗೆ ಎತ್ತಿಟ್ಟು ಕಾದ. ಬಾಗಿಲ ಸಂದಿಯ ತಣ್ಣನೆ ಗಾಳಿಯಲ್ಲಿ ದಿನಾ ಮೂವತ್ತೆಂಟು ತೋರಿಸುತ್ತಿದ್ದದ್ದು ಮೇಲೆ ಐವತ್ತನಾಲ್ಕು ತೋರಿಸಿತು. ಬಿಸಿಯಲ್ಲೇ ಬದುಕುವ ಒಂದು ಜಾತಿಯ ಕಡ್ಡಿ ಕ್ರಿಮಿ ಇದೆ. ಎಷ್ಟು ಚೆನ್ನಾಗಿ ಬೇಯಿಸಿದ ಡಬ್ಬಿಯಲ್ಲೂ ಅದರ ಬೀಜ ಸಾಯದೆ ಮಲಗಿರಬಹುದು. ಮಲಗಿದ್ದರೆ ಯಾರಿಗೂ ತೊಂದರೆ ಇಲ್ಲ. ಐವತ್ತು ಡಿಗ್ರಿ ದಾಟಿದರೆ ಮಾತ್ರ ಏಳುತ್ತದೆ. ಹುಳಿತ ಗಿಣ್ಣಿನ ವಾಸನೆಯೂ ಅದರದೇ. ಕೆಳಗಿನ ಹಲಗೆಯ ಐದು ಡಬ್ಬಿ ತೆಗೆದು ನೋಡಿದ. ಐದೂ ಚಪ್ಪಟೆ. ಯಾರದೂ ತಪ್ಪಿಲ್ಲ, ತಪ್ಪು ತನ್ನದು ಮಾತ್ರ. ಅಳಿಯ ಟವೆಲ್ಲನ್ನು ಎದೆಗೆ ಅವಚಿಕೊಂಡು ನಕ್ಕುಬಿಟ್ಟ.

ಮೂರೂವರೆಗೆ ಅವನು ಮ್ಯಾನೇಜರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮೂರು ಕಾಗದ ಅವನ ಜೇಬಿನಲ್ಲೇ ಇದ್ದವು. ಸಮಾರಂಭಕ್ಕೆ ಸೇರಿದ್ದ ಅರ್ಧ ಕಾರ್ಖಾನೆ ಬಾಗಿಲಲ್ಲಿ ನಿಂತು ಕೇಳುತ್ತಿತ್ತು.

"ಟವೆಲ್ಲು?" ಎಂದರು ಮ್ಯಾನೇಜರು. ಸ್ಟೋರಿನಿಂದ ತರಿಸಿದ ನೀಲಿ ಕೋಟು ಅವರ ಮೈಮೇಲಿತ್ತು.

"ಹೌದು ಸರ್."

"ಬ್ಯಾಚ್ ಬಿಡಬಹುದಾ?"

"ನಿಯಮದ ಪ್ರಕಾರ ಕೋಣೆ ಶಾಖ ತಪ್ಪಿದ್ರೆ ಕೆಟ್ಟ ಮಾದರಿ ಲೆಕ್ಕಕ್ಕಿಲ್ಲ ಸರ್. ಉಳಿದ ಐದು ಡಬ್ಬಿ ಚೆನ್ನಾಗಿದ್ದು, ಹಂಡೆ ಚಾರ್ಟು, ಅಂಚಿನ ರಿಜಿಸ್ಟರು, ನೀರಿನ ರಿಜಿಸ್ಟರು ಮೂರೂ ಸರಿಯಿದ್ರೆ ಬಿಡಬಹುದು. ಮೂರೂ ಸರಿಯಾಗಿದೆ."

"ಸಹಿ ಹಾಕಿ," ಎಂದರು ಮ್ಯಾನೇಜರು. ಅಳಿಯ ಹಾಕಿದ. ಅದೇ ಪೆನ್ನಿನಿಂದ ಅವರು ಅವನಿಗೊಂದು ಮೆಮೊ ಬರೆದು ಕೊಟ್ಟರು. ಅಳಿಯ ಅದನ್ನು ಬಹುಮಾನ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ.

ಸಮಾರಂಭ ಚೆನ್ನಾಗಿ ಆಯಿತು. ಮಾವ ಫಲಕ ಹಿಡಿದು ನಿಂತರು, ಕಾಗದ ಜೇಬಿಗಿಟ್ಟರು, ಮಾತಾಡಿ ಎಂದರೆ ಆಗಲಿಲ್ಲ. ಐದಕ್ಕೆ ಸರಿಯಾಗಿ ಆರು ಸಾವಿರ ಡಬ್ಬಿ ಹೊತ್ತ ಲಾರಿ ಗೇಟು ದಾಟಿತು. ಇನ್ನೂ ಬಿಸಿಲಿರುವಾಗಲೇ ನಾಲ್ವರೂ ಮನೆ ಕಡೆ ಕಾಲು ಹಾಕಿದರು. ಅಳಿಯ ದಾರಿಯಲ್ಲಿ ಮನಸ್ಸಿನಲ್ಲೇ ಹಗ್ಗದ ಮೇಲೆ ತನ್ನ ಬಟ್ಟೆಗಳನ್ನು ಹರವುತ್ತಿದ್ದ.

ಸೇತುವೆ ದಾಟಿದ ಮೇಲೆ ಮಾವ ನಿಂತರು.

"ಇವತ್ತು ನೀವು ಮಾಡಿದ್ದನ್ನ ನನ್ನ ಹೊಟ್ಟೇಲಿ ಹುಟ್ಟಿದ ಮಗ ಇದ್ದಿದ್ರೂ ಮಾಡ್ತಿರ್ಲಿಲ್ಲ. ಟವೆಲ್ಲು ಅಂತ ಕಥೆ ಕಟ್ಟಿ ನಮ್ಮನ್ನೆಲ್ಲ ಕಾಪಾಡಿದ್ರಿ."

"ಕಥೆ ಅಲ್ಲ ಮಾವ, ನಿಜವಾಗ್ಲೂ ಟವೆಲ್ಲೇ."

"ನನ್ನ ಮುಂದೆ ಯಾಕೆ ನಾಟಕ. ಪೆನ್ನಿನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು, ಅಷ್ಟು ಹೇಳಿ."

"ಯಾವ ಪೆನ್ನು?"

"ಚಾರ್ಟ್ ಪೆನ್ನು. ಅದು ಕೆಟ್ಟು ಏಳು ತಿಂಗಳಾಯ್ತಲ್ಲ. ಮೂರು ಸಲ ಬರ್ದುಕೊಟ್ಟೆ, ಯಾರೂ ರಿಪೇರಿ ಮಾಡಿಸ್ಲಿಲ್ಲ. ಚಾರ್ಟ್ ಇಲ್ಲದೆ ಬ್ಯಾಚ್ ಹೋಗಂಗಿಲ್ಲ. ಹಂಡೆಯ ಪಾದರಸದ ಥರ್ಮಾಮೀಟರ್ ನೋಡ್ಕೊಂಡು ನಾನೇ ಕೈಯಲ್ಲಿ ಗೀಟು ಹಾಕ್ತಿದ್ದೆ."

"ಒಂದೊಂದು ನಿಮಿಷಕ್ಕೂ ಪಾದರಸ ನೋಡ್ತಿದ್ರಾ ಮಾವ?"

"ನೋಡ್ತಿದ್ದೆ. ಊಟದ ಹೊತ್ತು ಬಿಟ್ಟು."

"ಅಯ್ಯೋ, ನೀವೂನಾ," ಎಂದರು ಅತ್ತೆ. "ನಾನೊಬ್ಳೇ ಅಂದ್ಕೊಂಡಿದ್ದೆ. ಆ ಅಳತೆ ಮಾಡೋ 'ಮೈಕ್ರೋಮೀಟರ್' ಯಂತ್ರದೊಳಗೆ ಬಿದ್ದು ಎಷ್ಟು ದಿನ ಆಯ್ತು. ಬೆರಳಲ್ಲಿ ಸವರಿದ್ರೆ ನಂಗೆ ಗೊತ್ತಾಗತ್ತೆ. ಅಂಕಿ ಹಿಂದಿನ ಪುಟದ್ದು."

"ಹಿಂದಿನ ಪುಟದ್ದಾ?" ಮಾವ ಹೆಂಡತಿಯ ಕಡೆ ತಿರುಗಿದರು. "ಅಳತೆ ನೋಡ್ದೆ ಮುಚ್ಚಿ ನನ್ನ ಹಂಡೆಗೆ ಕಳಿಸ್ತಿದ್ಯಾ?"

"ಅಪ್ಪ, ಅಮ್ಮನ್ನ ಬೈಬೇಡಿ," ಎಂದಳು ಮಗಳು ಸಣ್ಣ ದನಿಯಲ್ಲಿ. "ನಮ್ಮ ತೊಟ್ಟಿ ನೀರು ಪರೀಕ್ಷೆ ಮಾಡೋ ಔಷಧಿ ಮುಗಿದು ಎರಡು ತಿಂಗಳಾಯ್ತು. ನಾನು ಮೂಸಿ ನೋಡಿ ಹಾಕ್ತೀನಿ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮೂವರೂ ಅಳಿಯನನ್ನು ನೋಡಿದರು. "ನಿಮಗೆ ಎಲ್ಲಾ ಗೊತ್ತು ಅಂದ್ರಲ್ಲ," ಎಂದಳು ಹೆಂಡತಿ.

ಅಳಿಯ ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಅವನು ಸಹಿ ಹಾಕಿದ್ದು ಡಬ್ಬಿ ನೋಡಿ ಅಲ್ಲ, ಮೂರು ಪುಸ್ತಕ ನೋಡಿ. ಮೂರೂ ಬರೀ ಕೈಚಳಕ. ಆ ಡಬ್ಬಿಗಳು ಚೆನ್ನಾಗಿಯೇ ಇರಬಹುದು, ಬಹುಶಃ ಚೆನ್ನಾಗಿಯೇ ಇವೆ. ಸುಮ್ಮನಿದ್ದರೆ ನಾಳೆ ಹತ್ತಕ್ಕೆ ಟೆಂಪೋ. ಸುಮ್ಮನಿದ್ದರೆ ನಾಳೆ ಹನ್ನೆರಡಕ್ಕೆ, ವಾರದಿಂದ ಗಂಜಿ ಕುಡಿದು ಮಲಗಿದ ಯಾರೋ ಒಬ್ಬರ ಬಾಯಿಗೆ ಯಾರೋ ಒಬ್ಬರು ಮೊದಲ ಚಮಚ ಬಟಾಣಿ ಇಡುತ್ತಾರೆ. ಮಾವ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಬೆಂದ ಡಬ್ಬಿ ಅದಾಗಿದ್ದರೆ? ಅವನಿಗೆ ಟೆಂಪೋ ಬಹಳ ಬೇಕಾಗಿತ್ತು. ಎದ್ದು ನಿಂತು ಫೋನ್ ತೆಗೆದ.

"ಏನ್ ಮಾಡ್ತಿದ್ದೀರಿ?" ಎಂದರು ಅತ್ತೆ.

"ಲಾರಿ ವಾಪಸ್ ಕರೀತಿದ್ದೀನಿ ಅತ್ತೆ."

ಆರೂವರೆಗೆ ಅಳಿಯ ಮತ್ತೆ ಮ್ಯಾನೇಜರ ಮೇಜಿನ ಮುಂದಿದ್ದ. ಈ ಸಲ ಮೂರು ಕಾಗದವೂ ಮೇಜಿನ ಮೇಲಿದ್ದವು. ಲಾರಿ ಅರ್ಧ ದಾರಿಯಿಂದ ತಿರುಗಿತ್ತು, ಆಸ್ಪತ್ರೆಯ ಉಗ್ರಾಣಕ್ಕೂ ಹೇಳಿಯಾಗಿತ್ತು.

ಮ್ಯಾನೇಜರು ನಿಧಾನವಾಗಿ ಕೇಳಿದರು, "ಮೂರೂವರೆಗೆ ತಪ್ಪೆಲ್ಲ ನಂದು ಅಂದ್ರಿ. ಆರೂವರೆಗೆ ತಪ್ಪೆಲ್ಲ ಅತ್ತೆ ಮಾವಂದು ಅಂತೀರಿ. ಮೂರು ಗಂಟೇಲಿ ನಿಮ್ಮ ಮನೇಲಿ ಏನಾಯ್ತು?"

"ಎರಡೂ ನಿಜ ಸರ್."

"ನಾನು ಯಾವುದನ್ನ ನಂಬ್ಲಿ?"

"ಅವರು ಹೇಳೋದನ್ನ ನಂಬಿ," ಎಂದು ಹಿಂದಿನಿಂದ ಮಾತು ಬಂತು. ಮಾವ ಬಂದಿದ್ದರು. ಬೆವರಿದ್ದರು. ಫಲಕವನ್ನು ಮೇಜಿನ ಮೇಲೆ ಮಕಾಡೆ ಇಟ್ಟು, ಪೆನ್ನಿನ ಕಥೆಯನ್ನು ಮೊದಲಿಂದ ಕೊನೆಯ ತನಕ ಹೇಳಿದರು. ಊಟದ ಹೊತ್ತನ್ನೂ ಬಿಡಲಿಲ್ಲ. ನಿವೃತ್ತಿಯ ಕಾಗದವನ್ನು ಜೇಬಿನಿಂದ ತೆಗೆದು ಫಲಕದ ಪಕ್ಕ ಇಟ್ಟರು. ಅಳಿಯನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಮುಖ ತೋರಿಸಲೂ ನಾಚಿಕೆಯಾಯಿತು.

ಮೂರು ಸಲ ಬಂದ ರಿಪೇರಿ ಅರ್ಜಿ ಮ್ಯಾನೇಜರ ಡ್ರಾಯರಿನಲ್ಲೇ ಇತ್ತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಅವರು ಕೂಗಾಡಲಿಲ್ಲ.

"ಏಳು ತಿಂಗಳ ಸರಕು ಉಗ್ರಾಣದಲ್ಲಿರೋದು, ಹೊರಗೆ ಹೋಗಿರೋದು, ಒಂದೊಂದೂ ಬ್ಯಾಚು ಪರೀಕ್ಷೆ ಆಗ್ಬೇಕು. ಅದು ಮುಗಿಯೋ ತನಕ ಮೇಸ್ತ್ರಿಗೆ ನಿವೃತ್ತಿ ಇಲ್ಲ. ಹೊಸ ಪೆನ್ನು ಬರೋ ತನಕ ಹಂಡೆ ಪಕ್ಕ ಇನ್ನೊಬ್ಬರು ಕೂತು ನಿಮಿಷ ನಿಮಿಷಕ್ಕೂ ಪಾದರಸ ಓದಿ ಬರೀಬೇಕು. ಸುಳ್ಳು ಬರೆಯದೋರು ಯಾರಾದ್ರೂ." ಅವರು ಅಳಿಯನನ್ನು ನೋಡಿದರು. "ನೀವೇ ಕೂತ್ಕೊಳ್ಳಿ."

"ಎಷ್ಟು ದಿನ ಸರ್?"

"ಏಳು ತಿಂಗಳ ಕೆಲಸ. ಏಳು ತಿಂಗಳು ಅಂತಿಟ್ಕೊಳ್ಳಿ."

ಹೊರಗೆ ಅತ್ತೆ ಆಗಲೇ ಟೆಂಪೋದವನಿಗೆ ಫೋನ್ ಮಾಡಿ ಬೇಡ ಎನ್ನುತ್ತಿದ್ದರು. ಹೆಂಡತಿ ಗಂಡನ ಮುಖ ನೋಡಿದಳು, ಏನೋ ಹೇಳಹೊರಟು, ಅಪ್ಪನನ್ನು ನೋಡಿ ಬಾಯಿ ಮುಚ್ಚಿದಳು. ಅಳಿಯನ ಜೇಬಿನಲ್ಲಿ ಮಧ್ಯಾಹ್ನದ ಮೆಮೊದ ಜೊತೆಗೆ ಸಂಜೆಯದೂ ಸೇರಿತ್ತು. ಪರಿಶೀಲಿಸದೆ ಸಹಿ ಹಾಕಿದ್ದಕ್ಕೆ.

ಮಾವ ಮಾತ್ರ ಯಾವುದೋ ಭಾರ ಇಳಿಸಿದವರ ಹಾಗೆ ಹಗುರವಾಗಿ ನಡೆಯುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅಳಿಯನ ಭುಜದ ಮೇಲೆ ಕೈಯಿಟ್ಟರು. ನಾಲ್ಕು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

"ನಿಜ ಹೇಳ್ಲಾ ಅಳಿಯಂದಿರೇ? ಆ ಹೊಸ ಮನೆಗೆ ಹೋಗೋಕೆ ನಂಗೆ ಮನಸ್ಸೇ ಇರ್ಲಿಲ್ಲ. ನಿಮ್ಮಂಥೋರ ಜೊತೆ ಇರೋದು ಬಿಟ್ಟು ಎಲ್ಲಿಗೆ ಹೋಗ್ಲಿ. ಏಳು ತಿಂಗಳಾದ್ಮೇಲೂ ಇಲ್ಲೇ ಇದ್ಬಿಡ್ತೀವಿ, ಆ ಮನೆ ಬೇಕಾದ್ರೆ ಬಾಡಿಗೆಗೆ ಕೊಟ್ರಾಯ್ತು. ನಾಳೆ ಆರಕ್ಕೆ ಮೊದಲ್ನೇ ಬುಟ್ಟಿ ಇಳಿಸ್ಬೇಕು, ಇಬ್ರೂ ಒಟ್ಟಿಗೇ ಹೋಗೋಣ. ನಾಲ್ಕೂವರೆಗೆ ಎಬ್ಬಿಸ್ತೀನಿ."

"ಸರಿ ಮಾವ," ಎಂದ ಅಳಿಯ.